ಹಂದಿ ಅಂದರೆ ಬೈಗುಳವಲ್ಲ

ಲೈವ್ ಮಾಡಿಸಲು ಬರುವವರು ಮೊದಲು ಕ್ಯಾಮೆರಾ ಎಷ್ಟು ಅಂತ ಕೇಳುತ್ತಾರೆ, ಆಮೇಲೆ ನೆಟ್ ನಿಲ್ಲುತ್ತಾ ಅಂತ ಕೇಳುತ್ತಾರೆ. ಚಾಟ್ ನೆನಪಾಗುವುದು ಎದ್ದು ಹೊರಡುವಾಗ. "ಅದಕ್ಕೊಂದು ಬಾಟ್ ಹಾಕಿಬಿಡಿ ಸರ್, ಯಾರೂ ಕೂರೋದು ಬೇಡ." ಹಾಸನದಲ್ಲಿ ಈ ಕೆಲಸ ಶುರು ಮಾಡಿದಾಗಿಂದ ಮದುವೆಯವರು, ಕಬಡ್ಡಿಯವರು, ಜಾತ್ರೆ ಕಮಿಟಿಯವರು, ಕಾಫಿ ಬೆಳೆಗಾರರು ಎಲ್ಲರ ಬಾಯಲ್ಲೂ ಇದೇ ಮಾತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಬಾಟ್ ಅಂದರೆ ಚಾಟಿನಲ್ಲಿ ಬರುವ ಮಾತುಗಳನ್ನು ತಾನಾಗೇ ನೋಡಿ ತಡೆಯುವ ತಂತ್ರಾಂಶ. ಅದನ್ನು ಜೋಡಿಸುವುದು ಹೇಗೆ ಅಂತ ಹೇಳಲು ಹೋಗಲ್ಲ. ನೈಟ್‌ಬಾಟ್ ಇರಲಿ, ಸ್ಟ್ರೀಮ್‌ಎಲಿಮೆಂಟ್ಸ್ ಇರಲಿ, ಚಾನೆಲ್‌ಗೆ ಜೋಡಿಸಿ ಅದನ್ನು ಮಾಡರೇಟರ್ ಮಾಡಿದರೆ, ಅಂದರೆ ಚಾಟಿನ ಮಾತು ತೆಗೆಯುವ ಅಧಿಕಾರ ಕೊಟ್ಟರೆ, ಮುಗಿಯಿತು. ತೊಂದರೆ ಶುರುವಾಗುವುದು ತಡೆಯಬೇಕಾದ ಪದಗಳ ಪಟ್ಟಿಯಿಂದ.

ಹೋದ ಮಳೆಗಾಲದಲ್ಲಿ ಚಿಕ್ಕಮಗಳೂರು ಕಡೆಯ ಬೆಳೆಗಾರರ ಗುಂಪೊಂದು ಪ್ರಶ್ನೋತ್ತರ ಲೈವ್ ಇಟ್ಟುಕೊಂಡಿತ್ತು. ಕೊಳೆ ರೋಗ, ಕಾಯಿಕೊರಕ, ಮೆಣಸಿನ ಬಳ್ಳಿಗೆ ಸೊರಗು ರೋಗ, ಹೀಗೆ ಆ ಕಾಲಕ್ಕೆ ತಕ್ಕ ವಿಷಯಗಳು. ಹಿಂದಿನ ರಾತ್ರಿ ಹನ್ನೊಂದೂವರೆಗೆ ಸಂಘಟಕರು ವಾಟ್ಸಾಪಿನಲ್ಲಿ ಬೈಗುಳಗಳ ಪಟ್ಟಿ ಕಳಿಸಿದರು. ಬರೆಯಲಾಗದ ಮಾತುಗಳ ಜೊತೆಗೆ ನಾಯಿ, ಕತ್ತೆ, ಕೋತಿ, ಹಂದಿ ಕೂಡ ಇದ್ದವು. ನಾನು ಓದದೆ ಹಾಗೇ ಹಾಕಿಬಿಟ್ಟೆ. ಅದು ನನ್ನ ತಪ್ಪು.

ಲೈವ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಬ್ಯಾನರ್ ಮೇಲಿದ್ದ ನಂಬರಿಗೆ ಒಬ್ಬ ಹಿರಿಯರು ಫೋನ್ ಮಾಡಿದರು. "ನಾನೇನಪ್ಪಾ ಬೈದೆ? ಮೂರು ಸಲ ಬರೆದೆ, ಮೂರು ಸಲಾನೂ ತೆಗೆದುಹಾಕಿದ್ರಿ." ಏನು ಬರೆದಿರಿ ಅಂತ ಕೇಳಿದೆ. ತೋಟಕ್ಕೆ ಹಂದಿ ನುಗ್ಗುತ್ತಿವೆ, ಬಾಳೆ ಕಂದು ಒಂದೂ ಉಳಿಯುತ್ತಿಲ್ಲ, ಏನು ಮಾಡಲಿ ಅಂತ ಬರೆದಿದ್ದರು. ಅಷ್ಟೇ. ಮಲೆನಾಡಿನ ರೈತ ಹಂದಿ ಅನ್ನದೆ, ಕೋತಿ ಅನ್ನದೆ ತನ್ನ ಕಷ್ಟ ಹೇಳೋದಾದರೂ ಹೇಗೆ? ಏಲಕ್ಕಿ ಹಾಳು ಮಾಡಿದ್ದು ಕೋತಿ ತಾನೇ? ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಅವಮಾನ ಜಾಸ್ತಿ ಇತ್ತು. ಎಂಟು ಜನ ನೋಡುವ ಜಾಗದಲ್ಲಿ ತನ್ನನ್ನು ಬಾಯಿ ಮುಚ್ಚಿಸಿದರು ಅಂತ ಅವರಿಗೆ ಅನ್ನಿಸಿತ್ತು.

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. ಯೂಟ್ಯೂಬ್‌ನ ಸೆಟ್ಟಿಂಗ್‌ನಲ್ಲಿ ತಡೆಯುವ ಪದಗಳಿಗೆ ಒಂದೇ ಪಟ್ಟಿ ಇದೆ, ಆದರೆ ಅದು ಎರಡು ಕಡೆ ಎರಡು ಥರ ಕೆಲಸ ಮಾಡುತ್ತದೆ. ವಿಡಿಯೊ ಕೆಳಗಿನ ಕಾಮೆಂಟಿನಲ್ಲಿ ಆ ಪದ ಬಂದರೆ ಕಾಮೆಂಟನ್ನು ಪರಿಶೀಲನೆಗೆ ಎತ್ತಿಡುತ್ತದೆ, 60 ದಿನದವರೆಗೂ ಇಟ್ಟಿರುತ್ತದೆ, ನೀವು ನೋಡಿ ಬಿಡಬಹುದು. ಅದೇ ಪದ ಲೈವ್ ಚಾಟಿನಲ್ಲಿ ಬಂದರೆ ಮಾತು ಅಲ್ಲೇ ನಿಂತುಹೋಗುತ್ತದೆ. ಸಂಶಯ ಬಂದ ಚಾಟ್ ಮಾತನ್ನು ಪರಿಶೀಲನೆಗೆ ಹಿಡಿದಿಡುವುದಕ್ಕೆ ಬೇರೆಯದೇ ಆಯ್ಕೆ ಇದೆ. ಕಾಮೆಂಟಿನಲ್ಲಿ ನೋಡಿ ಅಭ್ಯಾಸ ಆದವರು "ಹಾಕಿರಿ, ತಪ್ಪಾಗಿ ಸಿಕ್ಕಿದ್ದನ್ನು ಆಮೇಲೆ ಬಿಟ್ಟರಾಯ್ತು" ಅನ್ನುತ್ತಾರೆ. ಲೈವ್‌ನಲ್ಲಿ ಆ ಆಮೇಲೆ ಅನ್ನೋದು ಇರಲ್ಲ. ಸೆಟ್ಟಿಂಗ್‌ಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ನಿಮ್ಮ ಚಾನೆಲ್‌ನಲ್ಲಿ ಒಮ್ಮೆ ಅನ್‌ಲಿಸ್ಟೆಡ್ ಲೈವ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂಥದ್ದು) ಇಟ್ಟು, ಇನ್ನೊಂದು ಖಾತೆಯಿಂದ ಟೈಪ್ ಮಾಡಿಸಿ, ನೀವೇ ಕಣ್ಣಾರೆ ನೋಡಿ.

ಲೈವ್‌ಗೆಂದೇ ಇರುವ ಟ್ವಿಚ್ ತಾಣದವರು 2016ರಲ್ಲಿ ಆಟೋಮಾಡ್ ಅನ್ನುವ ಚಾಟ್ ಫಿಲ್ಟರ್ ತಂದಾಗಲೂ ಅದು ಸಂಶಯದ ಮಾತನ್ನು ಹಿಡಿದಿಟ್ಟುಕೊಂಡು ಮಾಡರೇಟರ್‌ಗೆ ತೋರಿಸಿ, ಬಿಡಲೋ ಬೇಡವೋ ಅಂತ ಕೇಳುವ ಹಾಗೇ ಮಾಡಿದ್ದರು. ಅಂದರೆ ಮಾಡಿದವರೇ ಒಬ್ಬರು ಕೂತಿರುತ್ತಾರೆ ಅಂತ ಅಂದುಕೊಂಡೇ ಮಾಡಿದ್ದು. ಖಾಲಿ ಕುರ್ಚಿಯನ್ನು ಕೇಳಿದರೆ ಏನು ಉತ್ತರ ಬರುತ್ತೆ?

ಪಟ್ಟಿಯನ್ನೇ ಸರಿ ಮಾಡಿದರೆ ಸಾಲದಾ ಅಂತ ಕೇಳುತ್ತೀರಿ. ಕನ್ನಡದಲ್ಲಿ ಅದು ಕಷ್ಟ. ಪೂರ್ತಿ ಪದ ಹೊಂದಿದರೆ ಮಾತ್ರ ಹಿಡಿ ಅಂತ ಇಟ್ಟರೆ, ಬಯ್ಯುವವನು ಪದಕ್ಕೆ ಒಂದು 'ಗೆ'ನೋ 'ಅಂಥವನು' ಅಂತಲೋ ಸೇರಿಸಿದ ತಕ್ಷಣ ಬಾಟ್ ಬಿಟ್ಟುಬಿಡುತ್ತದೆ. ತುಣುಕು ಸಿಕ್ಕರೂ ಹಿಡಿ ಅಂತ ಇಟ್ಟರೆ ನಾಯಿಕೊಡೆ ಎಲ್ಲಿ ಸಿಗುತ್ತೆ ಅಂತ ಕೇಳಿದವರೂ ಸಿಕ್ಕಿಬೀಳುತ್ತಾರೆ. ಇನ್ನೊಂದು ಇದೆ. ಸೊನ್ನೆಯನ್ನು ಗಮನಿಸಿದ್ದೀರಾ? ಹಂದಿಯ 'ಂ' ಬೇರೆ, ಕನ್ನಡ ಅಂಕಿಯ '೦' ಬೇರೆ. ಎಷ್ಟೋ ಜನ ಅನುಸ್ವಾರದ ಜಾಗದಲ್ಲಿ ಅಂಕಿಯನ್ನೇ ಒತ್ತುತ್ತಾರೆ. ನಮ್ಮ ಕಣ್ಣಿಗೆ ಹಂದಿ, ಹ೦ದಿ ಎರಡೂ ಒಂದೇ, ಬಾಟ್‌ಗೆ ಎರಡೂ ಬೇರೆ ಪದ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರದ್ದಂತೂ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಪಟ್ಟಿ ಉದ್ದ ಮಾಡಿದಷ್ಟೂ ಕೆಟ್ಟವರು ನುಸುಳುತ್ತಾರೆ, ಸಾಧು ಜನ ಸಿಕ್ಕಿಕೊಳ್ಳುತ್ತಾರೆ.

ಆ ದಿನ ಪಟ್ಟಿ ತೆಗೆದುಹಾಕಿ, ಸಂಘಟಕರಿಗೆ ನಿಮ್ಮವರು ಯಾರಾದರೂ ಒಬ್ಬರನ್ನು ಕೂರಿಸಿ ಅಂತ ಹೇಳಿದೆ. ಅವರು ಬಿಎಸ್ಸಿ ಓದುವ ಮಗಳನ್ನು ಕರೆದರು. ಅವಳ ಫೋನಿಗೇ ಮಾಡರೇಟರ್ ಅಧಿಕಾರ ಕೊಟ್ಟೆ, ಹುಡುಗಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಮೆಣಸಿನ ಬಗ್ಗೆ ಒಬ್ಬ ಮಹಿಳೆ ತುಂಬಾ ಚೆನ್ನಾಗಿ ಮಾತಾಡುತ್ತಿದ್ದರು. ಆಗ ಒಂದು ಸಾಲು ಬಂತು. "ಅಕ್ಕಾ, ಯಜಮಾನ್ರು ಊರಿಗೆ ಬಂದ್ರಾ?" ಜೊತೆಗೆ ಕೈಮುಗಿಯುವ ಎರಡು ಚಿತ್ರ. ನಾನು ಯಾರೋ ಪರಿಚಯದವರು ವಿಚಾರಿಸುತ್ತಿದ್ದಾರೆ ಅಂದುಕೊಂಡೆ. ಹುಡುಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ತೆಗೆದು, ಬರೆದವನನ್ನು ಚಾನೆಲ್‌ನಿಂದಲೇ ಮರೆಮಾಡಿದಳು. ಯಾಕಮ್ಮಾ ಅಂದೆ. "ಅವರ ಯಜಮಾನ್ರು ಸಾಲ ಮಾಡಿ ಮನೆ ಬಿಟ್ಟು ಹೋಗಿ ಎರಡು ವರ್ಷ ಆಯ್ತು ಅಂಕಲ್. ಇವನಿಗೆ ಅದು ಗೊತ್ತು, ಬೇಕಂತಲೇ ಕೇಳ್ತಿದಾನೆ." ಆ ಸಾಲಿನಲ್ಲಿ ಯಾವ ಪದ ತಡೆಯುತ್ತೀರಿ? ಅಕ್ಕ ಅನ್ನೋದನ್ನಾ?

ಇದನ್ನೇ ನಾನು ಹೇಳುತ್ತಿರೋದು. ಬಾಟ್‌ಗೆ ಬಿಡಿ, ಇಪ್ಪತ್ತು ಸಾವಿರ ಮಾತು ನೋಡಿರುವ ನನಗೂ ಅದು ಗೊತ್ತಾಗಲಿಲ್ಲ. ಹಾಗಾಗಿ ಚಾಟಿಗೆ ನನ್ನ ಹುಡುಗರನ್ನು ಕೂರಿಸಿ ಅಂತಲೂ ಕೇಳಬೇಡಿ. ನಿಮ್ಮ ಊರಿನವರು, ನಿಮ್ಮ ಜನರನ್ನು ಬಲ್ಲವರು ಬೇಕು. ಅವರು ಸ್ಥಳದಲ್ಲೇ ಇರಬೇಕು ಅಂತೇನಿಲ್ಲ, ದುಬೈನಲ್ಲಿರುವ ಅಳಿಯನೂ ಆಗಬಹುದು. ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ, ಮಾಡರೇಟರ್ ಮಾಡಿದರೆ ಸಾಕು.

ಬಾಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಲಿಂಕ್ ತಡೆಯಲು, ಒಂದೇ ಮಾತನ್ನು ಐವತ್ತು ಸಲ ಅಂಟಿಸುವವರನ್ನು ನಿಲ್ಲಿಸಲು ಅದರಷ್ಟು ಚುರುಕು ನಮಗೆ ಬರಲ್ಲ. ಮುಹೂರ್ತ ಎಷ್ಟು ಹೊತ್ತಿಗೆ, ಮುಂದಿನ ಪಂದ್ಯ ಯಾವಾಗ ಅನ್ನುವಂಥ ಪ್ರಶ್ನೆಗೆ ಅದೇ ಉತ್ತರ ಕೊಡಲಿ. ಜಾತ್ರೆ, ಉತ್ಸವದ ಲೈವ್ ಆದರೆ ಫೋನ್ ನಂಬರ್, ಯುಪಿಐ ಐಡಿ ತಡೆಯುವ ನಿಯಮವನ್ನೂ ಬರೆಸಿ, ಯಾಕಂದರೆ ಅವು ಲಿಂಕ್ ಅಲ್ಲ, ಲಿಂಕ್ ತಡೆಯುವ ಫಿಲ್ಟರ್‌ಗೆ ಸಿಗಲ್ಲ. ಕಮಿಟಿಯ ಹೆಸರು, ಫೋಟೊ ಹಾಕಿಕೊಂಡು "ಕಾಣಿಕೆ ಈ ನಂಬರಿಗೆ ಹಾಕಿ" ಅಂತ ಬರೆಯುವವರಿದ್ದಾರೆ. ಚಾನೆಲ್ ಮಾಲೀಕರ ಹೆಸರಿಗೆ ಹಳದಿ ಬಣ್ಣ ಇರುತ್ತದೆ, ಮಾಡರೇಟರ್ ಹೆಸರಿನ ಪಕ್ಕ ಸ್ಪ್ಯಾನರ್ ಗುರುತು ಇರುತ್ತದೆ, ಇದನ್ನು ಮೈಕಿನಲ್ಲಿ ಒಂದೆರಡು ಸಲ ಹೇಳಿಸಿ.

ಟೈಮರ್ ಬಗ್ಗೆಯೂ ಎಚ್ಚರ. ಇಷ್ಟಿಷ್ಟು ನಿಮಿಷಕ್ಕೊಮ್ಮೆ ತಾನಾಗೇ ಸಂದೇಶ ಹಾಕುವ ಸೌಲಭ್ಯ ಅದು. ಬಾಟ್ ಜೋಡಿಸಿರುವುದು ಚಾನೆಲ್‌ಗೆ, ಆ ದಿನದ ಕಾರ್ಯಕ್ರಮಕ್ಕಲ್ಲ. ಒಮ್ಮೆ ಮದುವೆಯ ಲೈವ್ ಆದ ವಾರಕ್ಕೆ ಅದೇ ಚಾನೆಲ್‌ನಲ್ಲಿ ಒಬ್ಬ ಅಜ್ಜಿಯ ಅಂತ್ಯಕ್ರಿಯೆ ತೋರಿಸಬೇಕಾಯಿತು, ಮಗ ಅಮೆರಿಕದಿಂದ ಬರಲಾಗಿರಲಿಲ್ಲ. ಓಂ ಶಾಂತಿ, ಓಂ ಶಾಂತಿ ಅಂತ ಬರುತ್ತಿದ್ದ ಸಾಲುಗಳ ನಡುವೆ "ನವ ವಧುವರರಿಗೆ ಶುಭ ಹಾರೈಸಿ" ಅಂತ ಬಂತು. ಟೈಮರ್ ಆಫ್ ಮಾಡಿರಲಿಲ್ಲ. ಆ ಮಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಪರವಾಗಿಲ್ಲ ಅಂದರು. ನನಗೆ ಇವತ್ತಿಗೂ ಸಮಾಧಾನ ಇಲ್ಲ.

ಆ ಬೆಳೆಗಾರರ ಲೈವ್‌ನಲ್ಲಿ ಹಿರಿಯರ ಹಂದಿ ಪ್ರಶ್ನೆಯನ್ನು ಹುಡುಗಿ ತಾನೇ ಟೈಪ್ ಮಾಡಿ ಹಾಕಿದಳು, ಸೋಲಾರ್ ಬೇಲಿ ಹಾಕಿಸಿದವರು ಖರ್ಚಿನ ಲೆಕ್ಕದ ಸಮೇತ ಉತ್ತರ ಬರೆದರು. ಈ ತಿಂಗಳು ಅವರದು ಇನ್ನೊಂದು ಲೈವ್ ಇದೆ. ಮೊನ್ನೆ ಅವಳೇ ಫೋನ್ ಮಾಡಿದ್ದಳು. "ನಂಗೆ ಪರೀಕ್ಷೆ ಅಂಕಲ್, ಈ ಸಲ ಆಲ್ದೂರಿನ ಚಿಕ್ಕಪ್ಪನ ಮಗ ಕೂರ್ತಾನೆ. ಅವನಿಗೆ ಒಂದ್ಸಲ ತೋರಿಸಿಕೊಡ್ತೀರಾ?" ಶನಿವಾರ ಸಂಜೆ ಕರ್ಕೊಂಡು ಬಾ ಅಂದಿದ್ದೇನೆ.