ಪದ ಪರಿಚಯ: ಬೋಧನಾ ಮಾಧ್ಯಮ

ಗಣಿತ, ವಿಜ್ಞಾನ, ಸಮಾಜಶಾಸ್ತ್ರ ಮುಂತಾದ ವಿಷಯಗಳನ್ನು ಶಾಲೆಯು ಯಾವ ಭಾಷೆಯಲ್ಲಿ ಕಲಿಸಿ, ಯಾವ ಭಾಷೆಯಲ್ಲಿ ಪರೀಕ್ಷೆ ನಡೆಸುತ್ತದೆಯೋ ಆ ಭಾಷೆಯನ್ನು ಬೋಧನಾ ಮಾಧ್ಯಮ ಎನ್ನುತ್ತೇವೆ. ಒಂದು ಭಾಷೆಯನ್ನು ವಿಷಯವಾಗಿ ಕಲಿಯುವುದು ಬೇರೆ, ಅದರ ಮೂಲಕ ಉಳಿದುದನ್ನೆಲ್ಲ ಕಲಿಯುವುದು ಬೇರೆ. ಹತ್ತನೆಯ ತರಗತಿಯವರೆಗೆ ಮಲಯಾಳವನ್ನು ಕಡ್ಡಾಯಗೊಳಿಸುವ ಕೇರಳದ 2017ರ ಕಾಯ್ದೆ ಬಂದಾಗ ಕಾಸರಗೋಡಿನಲ್ಲಿ ಈ ಎರಡೂ ಬೆರೆತುಹೋದವು: ಕಾಯ್ದೆ ಹೇಳಿದ್ದು ವಿಷಯವನ್ನು, ಕನ್ನಡ ಮಾಧ್ಯಮದ ಮಕ್ಕಳ ಹೆತ್ತವರು ಅಂಜಿದ್ದು ಮಾಧ್ಯಮವೇ ಹೋದೀತೆಂದು. ಇಲ್ಲಿನ ಚರಿತ್ರೆಯನ್ನು ಬಲ್ಲವರಿಗೆ ಆ ಅಂಜಿಕೆ ವಿಚಿತ್ರವೆನಿಸದು.

1956ರ ನವೆಂಬರ್ 1ರಂದು, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು; ಇಲ್ಲಿನ ಶಾಲೆಗಳ ಕನ್ನಡವು ಹೊಸ ರಾಜ್ಯದಲ್ಲಿ ಭಾಷಾ ಅಲ್ಪಸಂಖ್ಯಾತರ ಭಾಷೆ ಎನಿಸಿತು. ಅದೇ ವರ್ಷ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಅಲ್ಪಸಂಖ್ಯಾತ ಭಾಷಾ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಸೂಚಿಸುತ್ತದೆ. (ಮನೆಯಲ್ಲಿ ತುಳು, ಕೊಂಕಣಿ ಅಥವಾ ಮರಾಠಿ ಆಡುವ ಇಲ್ಲಿನ ಅನೇಕ ಮಕ್ಕಳಿಗೆ ಶಾಲೆಯ ‘ಮಾತೃಭಾಷೆ’ ಕನ್ನಡವೇ ಆಗಿರುವುದನ್ನು ವಿಧಿಯ ಒಕ್ಕಣೆ ಹಿಡಿದಿಡುವುದಿಲ್ಲ.) ಸಾಕಷ್ಟು ಎಂದರೆ ಎಷ್ಟು ಎಂಬುದಕ್ಕೆ 1949ರಲ್ಲೇ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಅಳತೆ ಕೊಟ್ಟಿತ್ತು: ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಒಬ್ಬ ಶಿಕ್ಷಕರನ್ನು ನೇಮಿಸಬೇಕು.

ಹಕ್ಕು ಹೀಗೆ ತಲೆಯೆಣಿಕೆಯ ಲೆಕ್ಕವಾಯಿತು. ಕೇರಳದ ಶಾಲೆಗಳಲ್ಲಿ ವರ್ಷಾರಂಭದ ಆರನೆಯ ಕೆಲಸದ ದಿನ ಮಕ್ಕಳನ್ನು ಎಣಿಸುತ್ತಾರೆ. ಡಿವಿಷನ್‌ಗಳೂ (ಒಂದೇ ತರಗತಿಯ ಬೇರೆ ಬೇರೆ ವಿಭಾಗಗಳು) ಶಿಕ್ಷಕರ ಹುದ್ದೆಗಳೂ ನಿರ್ಧಾರವಾಗುವುದು ಆ ಎಣಿಕೆಯ ಮೇಲೆ. ಮಲಯಾಳ ಮತ್ತು ಕನ್ನಡ ಎರಡೂ ಮಾಧ್ಯಮಗಳಿರುವ ಶಾಲೆಯಲ್ಲಿ ಕೆಲವೇ ಮಕ್ಕಳು ಕಡಿಮೆಯಾದರೂ ಮೊದಲು ಅಲುಗುವುದು ಚಿಕ್ಕ ಗುಂಪಿನ ಡಿವಿಷನ್. ಎಣಿಕೆ ಉಳಿದರೂ ಹುದ್ದೆಗೆ ಬರುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕೇರಳ ಲೋಕಸೇವಾ ಆಯೋಗವು ಕನ್ನಡ ಮಾಧ್ಯಮದ ಹುದ್ದೆಗಳನ್ನು ಪ್ರತ್ಯೇಕವಾಗಿಯೇ ಕರೆಯುತ್ತದೆ. ಹಾಗಿದ್ದೂ ಕನ್ನಡದಲ್ಲಿ ಪಾಠ ಮಾಡಲಾಗದ ಶಿಕ್ಷಕರ ನೇಮಕವನ್ನು ವಿರೋಧಿಸಿ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ ಉದಾಹರಣೆಗಳು ಒಂದೆರಡಲ್ಲ. ನನ್ನ ದೃಷ್ಟಿಯಲ್ಲಿ ಮಾಧ್ಯಮದ ಸ್ಥಿತಿಯನ್ನು ಅಳೆಯಬೇಕಾದದ್ದು ನಾಮಫಲಕದಿಂದಲ್ಲ, ವಿಜ್ಞಾನದ ಶಿಕ್ಷಕರು ಮಗುವಿನ ಪ್ರಶ್ನೆಗೆ ಯಾವ ಭಾಷೆಯಲ್ಲಿ ಉತ್ತರಿಸುತ್ತಾರೆ ಎಂಬುದರಿಂದ.

ತಂತ್ರಜ್ಞಾನ ಈ ಸರಣಿಗೆ ಇನ್ನೊಂದು ಕೊಂಡಿ ಸೇರಿಸಿತು. 2020ರ ಜೂನ್ 1ರಂದು ಕೋವಿಡ್ ಕಾರಣ ಶಾಲೆಗಳು ಮುಚ್ಚಿದ್ದಾಗ, ಕೇರಳ ಸರಕಾರದ ಶೈಕ್ಷಣಿಕ ಟಿವಿ ವಾಹಿನಿಯಾದ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ತರಗತಿಗಳು ತೊಡಗಿದಾಗ ಮುಖ್ಯ ಪ್ರಸಾರ ಮಲಯಾಳದ್ದಾಗಿತ್ತು. ಕನ್ನಡ ಪಾಠಗಳನ್ನು ಪ್ರತ್ಯೇಕವಾಗಿ ತಯಾರಿಸಬೇಕಾಯಿತು. ಮುದ್ರಿತ ಪಠ್ಯಪುಸ್ತಕವನ್ನು ಒಮ್ಮೆ ಅನುವಾದಿಸಿದರೆ ಪರಿಷ್ಕರಣೆಯವರೆಗೆ ಅದು ನಡೆಯುತ್ತದೆ. ವೀಡಿಯೊ, ಅಭ್ಯಾಸ ಪ್ರಶ್ನೆ, ತಂತ್ರಾಂಶಗಳಾದರೋ ಮತ್ತೆ ಮತ್ತೆ ಬದಲಾಗುವುದರಿಂದ ಅನುವಾದದ ಕೆಲಸ ಮುಗಿಯುವುದೇ ಇಲ್ಲ.

350ಎ ವಿಧಿಯ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಕೇರಳದಲ್ಲಿ ಕನ್ನಡ ಮಾಧ್ಯಮ ಹತ್ತನೆಯ ತರಗತಿಯವರೆಗೂ ಇದೆಯಾದರೂ ಪ್ಲಸ್ ಟೂ ತಲುಪಿದೊಡನೆ ಮಗು ವಿಜ್ಞಾನ, ವಾಣಿಜ್ಯಗಳನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಅದನ್ನು ಮುಂದಾಗಿ ಲೆಕ್ಕಹಾಕಿದ ಹೆತ್ತವರು ಒಂದನೆಯ ತರಗತಿಗೇ ಇಂಗ್ಲಿಷ್ ಮಾಧ್ಯಮವನ್ನು ಆರಿಸಿಕೊಂಡರೆ, ಕನ್ನಡ ಡಿವಿಷನ್‌ನ ಎಣಿಕೆ ಅಲ್ಲಿಂದಲೇ ಇಳಿಯತೊಡಗುತ್ತದೆ.