ಮೊಮ್ಮಗುವಿಗೆ ಸಿಗುವ ಲಸಿಕೆ ಅಜ್ಜನಿಗೂ ಬೇಕು

ಮಗುವಿನ ಲಸಿಕೆ ಕಾರ್ಡ್ ತೆಗೆದು ನೋಡಿ. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಮೂರು ಕಡೆ ಪಿಸಿವಿ ಎಂದಿರುತ್ತದೆ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ಅದು. ಅದೇ ಮನೆಯಲ್ಲಿ ಎಪ್ಪತ್ತು ದಾಟಿದ, ಶುಗರ್ ಇರುವ ಅಜ್ಜ ಇದ್ದರೆ ಅವರಿಗೂ ಈ ಕಾಯಿಲೆಯ ಅಪಾಯ ಜಾಸ್ತಿ. ಆದರೆ ಎಷ್ಟೋ ಮನೆಗಳಲ್ಲಿ ಅಜ್ಜನಿಗೆ ಈ ಲಸಿಕೆಯ ಹೆಸರೇ ಗೊತ್ತಿರುವುದಿಲ್ಲ.

ಈ ಲಸಿಕೆ ಮೊದಲು ಹುಟ್ಟಿದ್ದು ಮಕ್ಕಳಿಗಾಗಿಯೂ ಅಲ್ಲ, ಮುದುಕರಿಗಾಗಿಯೂ ಅಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ದೂರದ ಬಿಸಿ ಪ್ರದೇಶಗಳಿಂದ ಕೂಲಿಗೆ ಬಂದ ಗಂಡಸರು ಇಕ್ಕಟ್ಟಾದ ಬಿಡಾರಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು. ನ್ಯುಮೋನಿಯಾ ಅವರನ್ನು ಸಾಲುಸಾಲಾಗಿ ಕೊಲ್ಲುತ್ತಿತ್ತು. 1911ರಲ್ಲಿ ಆಲ್ಮ್ರಾತ್ ರೈಟ್ ಎಂಬ ಬ್ರಿಟಿಷ್ ವೈದ್ಯರು ಸತ್ತ ಬ್ಯಾಕ್ಟೀರಿಯಾಗಳನ್ನೇ ಇಂಜೆಕ್ಷನ್ ಮಾಡಿ ಅವರಿಗೆ ಕೊಟ್ಟು ನೋಡಿದರು. ನೆಚ್ಚುವಂಥ ಫಲ ಸಿಗಲಿಲ್ಲ. ಕಾರಣ ಆಮೇಲೆ ತಿಳಿಯಿತು. ನ್ಯುಮೊಕಾಕಸ್ ಒಂದೇ ಬಗೆಯದಲ್ಲ. ಇವತ್ತಿಗೆ ನೂರಕ್ಕೂ ಹೆಚ್ಚು ಬಗೆ ಗೊತ್ತಾಗಿವೆ. ಪ್ರತಿಯೊಂದೂ ಸಕ್ಕರೆ ಅಣುಗಳ ತನ್ನದೇ ಕಂಬಳಿ ಹೊದ್ದಿರುತ್ತದೆ. ಒಂದು ಕಂಬಳಿಯ ಗುರುತು ಹಿಡಿದ ದೇಹಕ್ಕೆ ಇನ್ನೊಂದರ ಗುರುತು ಸಿಗುವುದಿಲ್ಲ.

ಹಾಗಾದರೆ ಆ ಕಂಬಳಿಯನ್ನಷ್ಟೇ ಬಿಡಿಸಿ ಲಸಿಕೆ ಮಾಡಿದರೆ? ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಕಾಲಿನ್ ಮ್ಯಾಕ್ಲಿಯಾಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ನಾಲ್ಕು ಬಗೆಗಳ ವಿರುದ್ಧದ ಲಸಿಕೆಯನ್ನು ಸೈನಿಕರಿಗೆ ಕೊಟ್ಟರು. 1945ರಲ್ಲಿ ಫಲಿತಾಂಶ ಬಂತು. ಆ ನಾಲ್ಕು ಬಗೆಗಳ ಕಾಯಿಲೆ ಚೆನ್ನಾಗಿ ತಗ್ಗಿತ್ತು. (ಡಿಎನ್‌ಎಯೇ ವಂಶವಾಹಿ ಎಂದು 1944ರಲ್ಲಿ ತೋರಿಸಿದ ಮೂವರಲ್ಲಿ ಇದೇ ಮ್ಯಾಕ್ಲಿಯಾಡ್ ಒಬ್ಬರು. ಆ ಪ್ರಯೋಗ ನಡೆದದ್ದೂ ಇದೇ ಬ್ಯಾಕ್ಟೀರಿಯಾದ ಮೇಲೆ.)

ಅಷ್ಟರಲ್ಲಿ ಪೆನಿಸಿಲಿನ್ ಬಂತು. ಔಷಧವೇ ಇರುವಾಗ ಲಸಿಕೆ ಯಾಕೆ ಎಂದು ವೈದ್ಯರಿಗೂ ಅನ್ನಿಸಿತು. ಕೇಳುವವರಿಲ್ಲದೆ ಲಸಿಕೆ ಮಾರುಕಟ್ಟೆಯಿಂದಲೇ ಹೋಯಿತು.

ಅದನ್ನು ಮರಳಿ ತಂದವರು ರಾಬರ್ಟ್ ಆಸ್ಟ್ರಿಯನ್ ಎಂಬ ಅಮೆರಿಕದ ವೈದ್ಯರು. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷ ರೋಗಿಗಳ ಲೆಕ್ಕ ಇಟ್ಟು, 1964ರಲ್ಲಿ ಅವರು ಹೇಳಿದ ಮಾತು ಇಂದಿಗೂ ಮುಖ್ಯ. ಸೋಂಕು ರಕ್ತಕ್ಕೆ ಇಳಿದವರಲ್ಲಿ, ಕಾಯಿಲೆ ಬಿದ್ದ ಮೊದಲ ಐದು ದಿನಗಳ ಸಾವನ್ನು ಪೆನಿಸಿಲಿನ್ ಹೆಚ್ಚೇನೂ ತಡೆಯುತ್ತಿರಲಿಲ್ಲ. ಅದರಲ್ಲೂ ವಯಸ್ಸಾದವರಲ್ಲಿ, ಮೊದಲೇ ಬೇರೆ ಕಾಯಿಲೆ ಇದ್ದವರಲ್ಲಿ ಸಾವು ಹೆಚ್ಚಿತ್ತು. ಆಸ್ಟ್ರಿಯನ್ ದಕ್ಷಿಣ ಆಫ್ರಿಕಾದ ಆ ಚಿನ್ನದ ಗಣಿಗಳಿಗೇ ಹೋಗಿ ಹೊಸ ಲಸಿಕೆಯನ್ನು ಪರೀಕ್ಷಿಸಿದರು. 1977ರಲ್ಲಿ 14 ಬಗೆಗಳ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1983ರಲ್ಲಿ ಅದು 23 ಬಗೆಗಳದ್ದಾಯಿತು.

ಇದರಲ್ಲಿ ಒಂದು ದೊಡ್ಡ ಕೊರತೆ ಇತ್ತು. ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಸಕ್ಕರೆ ಕಂಬಳಿಯ ಗುರುತು ಹಿಡಿಯಲಾರದು. ಅದಕ್ಕೆ ಆ ಸಕ್ಕರೆಗೆ ಒಂದು ಪ್ರೊಟೀನ್ ಜೋಡಿಸಿದರು. ಪಿಸಿವಿ ಎಂದರೆ ಇದೇ. 2000ದಲ್ಲಿ ಅಮೆರಿಕದ ಮಕ್ಕಳಿಗೆ ಇದನ್ನು ಹಾಕಲು ಶುರು ಮಾಡಿದ ಮೇಲೆ, ಲಸಿಕೆ ಪಡೆಯದ ಅಜ್ಜ ಅಜ್ಜಿಯರಲ್ಲೂ ಕಾಯಿಲೆ ಇಳಿಯಿತು! ಈ ಬ್ಯಾಕ್ಟೀರಿಯಾ ಬೀಡುಬಿಡುವುದೇ ಪುಟ್ಟ ಮಕ್ಕಳ ಮೂಗು ಗಂಟಲಲ್ಲಿ. ಅಲ್ಲಿಂದಲೇ ಮನೆಮಂದಿಗೆ ಹರಡುತ್ತಿತ್ತು.

ಭಾರತದ ಸರ್ಕಾರಿ ಕಾರ್ಯಕ್ರಮಕ್ಕೆ ಇದು ಬಂದದ್ದು 2017ರಲ್ಲಿ, ಅದೂ ಮೊದಲು ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಿಗೆ. ದುಬಾರಿ ಬೆಲೆ ದೊಡ್ಡ ತೊಡಕಾಗಿತ್ತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರ ಕೊನೆಗೆ ಕಡಿಮೆ ಬೆಲೆಯ ಪಿಸಿವಿ ಹೊರತಂದಿತು. 2021ರಿಂದ ಕರ್ನಾಟಕವೂ ಸೇರಿ ದೇಶದ ಎಲ್ಲ ಕಡೆ ಮಕ್ಕಳಿಗೆ ಇದು ಉಚಿತ. ಇದು ನಿಜಕ್ಕೂ ದೊಡ್ಡ ಕೆಲಸ.

ದೊಡ್ಡವರ ಮಾತು ಮಾತ್ರ ಹಿಂದೆಯೇ ಉಳಿದಿದೆ. 65 ದಾಟಿದ ಎಲ್ಲರಿಗೂ ಇದು ಬೇಕು. ಅದಕ್ಕಿಂತ ಚಿಕ್ಕವರಾದರೂ ಶುಗರ್, ಹೃದಯ ಇಲ್ಲವೇ ಕಿಡ್ನಿ, ಲಿವರ್ ಕಾಯಿಲೆ, ವರ್ಷಗಟ್ಟಲೆಯ ದಮ್ಮು ಇದ್ದವರು ಹಾಕಿಸಿಕೊಳ್ಳಬೇಕು. ಬೀಡಿ ಸಿಗರೇಟು ಸೇದುವವರಿಗೂ ಇದು ಅನ್ವಯಿಸುತ್ತದೆ. ಎಚ್‌ಐವಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರಂತೂ ತಡ ಮಾಡಲೇಬಾರದು. ಅಮೆರಿಕ 2024ರಲ್ಲಿ ವಯಸ್ಸಿನ ಗೆರೆಯನ್ನು 65ರಿಂದ 50ಕ್ಕೆ ಇಳಿಸಿದೆ. ನಮ್ಮಲ್ಲಿ ದೊಡ್ಡವರು ಸಾಮಾನ್ಯವಾಗಿ ಕೈಯಿಂದ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ಬಡವರ ಮನೆಯ ಹಿರಿಯರಿಗೆ ಅದು ಸಣ್ಣ ಮೊತ್ತವಲ್ಲ. ಮಕ್ಕಳಿಗೆ ಉಚಿತವಾಗಿ ಕೊಟ್ಟ ಸರ್ಕಾರ ಇವರಿಗೂ ಕೊಡಬೇಕು ಎಂದೇ ನನಗನ್ನಿಸುತ್ತದೆ.

ಇದು ಎಲ್ಲ ನ್ಯುಮೋನಿಯಾವನ್ನೂ ತಡೆಯುತ್ತದೆ ಅಂದುಕೊಳ್ಳಬೇಡಿ. ವೈರಸ್‌ನಿಂದ ಬರುವುದಕ್ಕೆ ಇದು ಅಡ್ಡವಾಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 65 ದಾಟಿದ ಸುಮಾರು 85 ಸಾವಿರ ಜನರ ಮೇಲೆ 13 ಬಗೆಗಳ ಲಸಿಕೆಯನ್ನು ಪರೀಕ್ಷಿಸಿದ್ದರು. ಆ ಬಗೆಗಳ ನ್ಯುಮೋನಿಯಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅವೇ ಬಗೆಗಳು ರಕ್ತಕ್ಕೆ ಹರಡುವ ಭಾರೀ ಸೋಂಕು ಮುಕ್ಕಾಲು ಪಾಲು ತಗ್ಗಿತು. ತೊಂದರೆ ಎಂದರೆ ಬಹುಪಾಲು ಜನರಿಗೆ ಒಂದೆರಡು ದಿನ ತೋಳು ನೋವು, ಸ್ವಲ್ಪ ಮೈ ಬಿಸಿ, ಅಷ್ಟೇ.

20 ಬಗೆಗಳ ಲಸಿಕೆಯಾದರೆ ದೊಡ್ಡವರಿಗೆ ಒಂದೇ ಡೋಸ್ ಸಾಕು. 13ರದ್ದು ಹಾಕಿಸಿದರೆ ಸಾಮಾನ್ಯವಾಗಿ ವರ್ಷದ ಮೇಲೆ 23ರದ್ದೂ ಬೇಕಾಗುತ್ತದೆ. ಹಾಗಾಗಿ ಯಾವ ಲಸಿಕೆ, ಯಾವ ತಾರೀಖು ಎಂದು ಅಜ್ಜನ ಫೈಲಿನಲ್ಲಿ ಬರೆದಿಡಿ. ಮುಂದಿನ ಡೋಸ್ ಬೇಕಾ ಬೇಡವಾ ಎಂದು ವೈದ್ಯರು ಅದನ್ನು ನೋಡಿಯೇ ಹೇಳುತ್ತಾರೆ.