ಈ ಕಡತ ಯಾರ ಕೈಗೆ ಹೋಗಬೇಕು?

ಅಪ್ಪನ ಜಮೀನಿನ ಪಹಣಿ ನೋಡೋಣ ಅಂತ ಲ್ಯಾಪ್‌ಟಾಪಿನಲ್ಲಿ ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಹಿಂದಿನ ದಿನ ಹಾಕಿಕೊಂಡಿದ್ದ ಫೋಟೋ ತಿದ್ದುವ ತಂತ್ರಾಂಶ ನಿಧಾನಕ್ಕೆ ಎದ್ದು ಬಂತು. ಯಾವ ಪುಟ ಬೇಕು, ರೆಸಲ್ಯೂಶನ್ ಎಷ್ಟಿರಲಿ ಅಂತ ಕೇಳಿತು. ನನಗೆ ಬೇಕಿದ್ದದ್ದು ಸರ್ವೆ ನಂಬರ್ ಓದುವುದು ಅಷ್ಟೇ. ಲಿನಕ್ಸ್ (ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ) ಬಳಸುವ ತುಂಬಾ ಜನ ಇದನ್ನು ಕಂಡಿರುತ್ತೀರಿ. ಸರಿ ಮಾಡುವುದು ಅರ್ಧ ನಿಮಿಷದ ಕೆಲಸ. ಆದರೆ ಆ ಒಂದು ಕ್ಲಿಕ್ಕಿನ ಹಿಂದೆ ಏನೇನು ನಡೆಯುತ್ತದೆ ಅಂತ ತಿಳಿದುಕೊಂಡರೆ ಖುಷಿಯಾಗುತ್ತದೆ.

ಮೊದಲು ಈ ಕಡತ ಏನು ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಮೊದಲ ಸುಳಿವು ಹೆಸರಿನ ಕೊನೆಯ ಬಾಲ, ಅಂದರೆ ಚುಕ್ಕಿಯ ನಂತರದ ಅಕ್ಷರಗಳು. ಸಾವಿರ ಕಡತಗಳ ಫೋಲ್ಡರಿನಲ್ಲಿ ಒಂದೊಂದನ್ನೂ ಬಿಚ್ಚಿ ನೋಡುತ್ತಾ ಕೂತರೆ ತಡವಾಗುತ್ತದೆ. ಹೆಸರು ಓದುವುದು ಸಲೀಸು. ಬಾಲವೇ ಇಲ್ಲದಿದ್ದರೆ ಕಡತದ ಮೊದಲ ಕೆಲವು ಬೈಟ್‌ಗಳನ್ನು (ಕಡತದೊಳಗೆ ಸಾಲಾಗಿ ಕೂತಿರುವ, 0ಯಿಂದ 255ರವರೆಗಿನ ಸಂಖ್ಯೆಗಳು) ನೋಡಬೇಕಾಗುತ್ತದೆ. ಒಂದು ಪಿಡಿಎಫ್ ಅನ್ನು ನಕಲು ಮಾಡಿ, ಹೆಸರಿನಿಂದ ‘.ಪಿಡಿಎಫ್’ ಅಳಿಸಿ ನೋಡಿ. ಆಗಲೂ ಅದು ಸರಿಯಾಗಿಯೇ ತೆರೆಯುತ್ತದೆ. ಅದನ್ನೇ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ತಲೆಯಲ್ಲೇ ಒಂದು ಶೇಕಡಾ ಚಿಹ್ನೆ, ಪಕ್ಕದಲ್ಲಿ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ 1.4, 1.7 ಅಂತ ಆವೃತ್ತಿಯ ಸಂಖ್ಯೆ ಕಾಣುತ್ತದೆ. ಜಿಪ್ ಕಡತದ ತಲೆಯಲ್ಲಿ ‘ಪಿಕೆ’ ಇರುತ್ತದೆ. ಅದು ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್. ವರ್ಡ್‌ನ ಡಾಕ್ಸ್ ಕಡತವೂ ಒಳಗೆ ಜಿಪ್ಪೇ, ಅದರ ತಲೆಯಲ್ಲೂ ‘ಪಿಕೆ’ಯೇ. ಅಲ್ಲಿ ಬಾಲವೇ ಕೈಹಿಡಿಯುತ್ತದೆ.

ಸಾದಾ ಪಠ್ಯಕ್ಕೆ ಇಂಥ ಗುರುತೇ ಇಲ್ಲ. ನಾವು ಕನ್ನಡದಲ್ಲಿ ಬರೆದಿಟ್ಟ ದಿನಸಿ ಪಟ್ಟಿಗೆ ಬಾಲವೂ ಇಲ್ಲ ಅಂದುಕೊಳ್ಳಿ. ಆಗ ಮೊದಲ 128 ಬೈಟ್‌ಗಳಲ್ಲಿ ಕಂಟ್ರೋಲ್ ಸಂಕೇತಗಳು (ಅಕ್ಷರವಾಗಿ ಕಾಣದ, ಯಂತ್ರಕ್ಕೆ ಮೀಸಲಾದ ಸಂಖ್ಯೆಗಳು) ಇವೆಯಾ ಅಂತ ನೋಡಿ, ಇಲ್ಲದಿದ್ದರೆ ಪಠ್ಯ ಅಂತ ಊಹಿಸಬಹುದು. ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಮೂರೂ 127ಕ್ಕಿಂತ ದೊಡ್ಡವು. ಇಂಗ್ಲಿಷ್ ಅಕ್ಷರಗಳು ಅದರ ಒಳಗೇ ಮುಗಿಯುತ್ತವೆ. ಇಂಥ ದೊಡ್ಡ ಬೈಟ್ ಬಂದರೂ ಅದನ್ನು ಪಠ್ಯ ಅಂತಲೇ ಎಣಿಸಿ ಎಂದು ಲಿನಕ್ಸ್ ಡೆಸ್ಕ್‌ಟಾಪಿನ ನಿಯಮಾವಳಿ ಬಿಡಿಸಿ ಹೇಳುತ್ತದೆ. ಆ ಸಾಲು ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ನಮ್ಮ ಭಾಷೆಗೂ ಅಲ್ಲಿ ಜಾಗ ಇಟ್ಟಿದ್ದಾರೆ.

ಗುರುತು ಸಿಕ್ಕ ಮೇಲೆ ಕಡತಕ್ಕೆ ಒಂದು ಚೀಟಿ ಬೀಳುತ್ತದೆ: ‘ಇಮೇಜ್/ಪಿಎನ್‌ಜಿ’, ‘ಅಪ್ಲಿಕೇಶನ್/ಪಿಡಿಎಫ್’, ಹೀಗೆ. ಇದು ಇಮೇಲಿನಿಂದ ಬಂದ ಪದ್ಧತಿ. ಪತ್ರದ ಜೊತೆ ಚಿತ್ರ, ಧ್ವನಿ ಕಳಿಸಲು ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ರೂಪಿಸಿದ ‘ಮೈಮ್’ ಇದರ ಮೂಲ.

ಇನ್ನು ಆ ಚೀಟಿಯ ಕಡತವನ್ನು ಯಾರು ತೆರೆಯಬೇಕು? ಪ್ರತಿ ತಂತ್ರಾಂಶವೂ ಬರುವಾಗ ‘.ಡೆಸ್ಕ್‌ಟಾಪ್’ ಅನ್ನುವ ಪುಟ್ಟ ಕಡತವೊಂದನ್ನು ತರುತ್ತದೆ. ನಾನು ಏನೇನು ತೆರೆಯಬಲ್ಲೆ ಎಂಬ ಪಟ್ಟಿ ಅದರಲ್ಲಿದೆ. ನನ್ನ ಫೋಟೋ ತಂತ್ರಾಂಶದ ಪಟ್ಟಿ ಬಿಚ್ಚಿ ನೋಡಿದೆ. ಚಿತ್ರಗಳ ಉದ್ದ ಸಾಲಿನ ನಡುವೆ ಪಿಡಿಎಫ್ ಕೂಡ ಇತ್ತು. ಅದು ಸುಳ್ಳೇನಲ್ಲ, ಅದಕ್ಕೆ ಪಿಡಿಎಫ್ ತೆರೆಯಲು ಬರುತ್ತದೆ. ಪಿಡಿಎಫ್ ಓದುವ ತಂತ್ರಾಂಶವೂ ಸೇರಿ ಇಬ್ಬರು ಕೈ ಎತ್ತಿದ್ದರು. ಯಾರು ಬೇಕು ಅಂತ ನಾನು ಹೇಳಿರಲಿಲ್ಲ. ಹಾಗಾಗಿ ವ್ಯವಸ್ಥೆ ತಾನೇ ಒಬ್ಬರನ್ನು ಆರಿಸಿಕೊಂಡಿತು.

ಹೇಳುವುದು ಹೀಗೆ. ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ವಿತ್’ ಆರಿಸಿ, ಬೇಕಾದ ತಂತ್ರಾಂಶ ತೋರಿಸಿ, ಈ ಬಗೆಯ ಕಡತಕ್ಕೆ ಯಾವಾಗಲೂ ಇದೇ ಇರಲಿ ಅನ್ನುವ ಗುಂಡಿ ಒತ್ತಿ. ಲಿನಕ್ಸಿನ ಎರಡು ಡೆಸ್ಕ್‌ಟಾಪ್‌ಗಳಾದ ಗ್ನೋಮ್, ಕೆಡಿಇಗಳಲ್ಲಿ ಮಾತು ಸ್ವಲ್ಪ ಬೇರೆ ಇರಬಹುದು, ದಾರಿ ಹೆಚ್ಚುಕಡಿಮೆ ಒಂದೇ.

ಈಗ ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಹಿಡಿದು ಎಚ್ ಒತ್ತಿ. ಹೋಂ ಫೋಲ್ಡರಿನಲ್ಲಿ ಅಡಗಿದ್ದ ‘.ಕಾನ್ಫಿಗ್’ ಕಾಣುತ್ತದೆ. ಅದರೊಳಗೆ ‘ಮೈಮ್‌ಆಪ್ಸ್.ಲಿಸ್ಟ್’ ಇದೆ, ತೆರೆಯಿರಿ. ‘ಡಿಫಾಲ್ಟ್ ಅಪ್ಲಿಕೇಶನ್ಸ್’ ಎಂಬ ತಲೆಬರಹದ ಕೆಳಗೆ ಒಂದು ಸಾಲು ಸೇರಿದೆ: ಎಡಕ್ಕೆ ‘ಅಪ್ಲಿಕೇಶನ್/ಪಿಡಿಎಫ್’, ನಡುವೆ ಸಮ ಚಿಹ್ನೆ, ಬಲಕ್ಕೆ ನೀವು ಆರಿಸಿದ ತಂತ್ರಾಂಶದ ‘.ಡೆಸ್ಕ್‌ಟಾಪ್’ ಕಡತದ ಹೆಸರು. ನಿಮ್ಮ ಇಷ್ಟ ಅಂದರೆ ಇಷ್ಟೇ, ಸಾದಾ ಪಠ್ಯದ ಒಂದು ಸಾಲು. ಕೈಯಾರೆ ತಿದ್ದಬಹುದು. ಲಿನಕ್ಸ್ ಹಂಚಿಕೆಯವರು (ಉಬುಂಟುವಿನಂತೆ ಲಿನಕ್ಸನ್ನು ಜೋಡಿಸಿ ಕೊಡುವವರು) ಮೊದಲೇ ಬರೆದಿಟ್ಟ ಆಯ್ಕೆಗಳೂ ಬೇರೆ ಕಡೆ ಇರುತ್ತವೆ, ಆದರೆ ನಿಮ್ಮ ಸಾಲಿಗೇ ಮೊದಲ ಮರ್ಯಾದೆ. ಮುಂದೆ ಆ ತಂತ್ರಾಂಶ ತೆಗೆದುಹಾಕಿದರೆ ಏನೂ ಕೆಡುವುದಿಲ್ಲ. ವ್ಯವಸ್ಥೆ ಆ ಸಾಲನ್ನು ಸುಮ್ನೆ ದಾಟಿ ಮುಂದಿನವರನ್ನು ಹುಡುಕುತ್ತದೆ.

2000ರಲ್ಲಿ ಹ್ಯಾವೊಕ್ ಪೆನ್ನಿಂಗ್ಟನ್ ಶುರು ಮಾಡಿದ ಫ್ರೀಡೆಸ್ಕ್‌ಟಾಪ್ ಯೋಜನೆಯಲ್ಲಿ ಈ ನಿಯಮಗಳು ಒಂದೆಡೆ ಸೇರಿದವು. ಅದಕ್ಕೂ ಮೊದಲು ಗ್ನೋಮ್‌ದು ಒಂದು ಪಟ್ಟಿ, ಕೆಡಿಇಯದು ಇನ್ನೊಂದು. ಬೇರೆ ಬೇರೆ ಗುಂಪಿನವರು ಕೂತು, ಬಳಸುವವರ ಮಾತನ್ನು ಎಲ್ಲರೂ ಒಂದೇ ಕಡೆ ಓದೋಣ ಅಂತ ಒಪ್ಪಿಕೊಂಡದ್ದು ನನಗೆ ಬಹಳ ದೊಡ್ಡ ಕೆಲಸ ಅನಿಸುತ್ತದೆ.

ಮೊನ್ನೆ ಹೊಸ ಲ್ಯಾಪ್‌ಟಾಪಿಗೆ ಬಂದಾಗ ಆ ಪುಟ್ಟ ಕಡತವನ್ನೂ ಪೆನ್‌ಡ್ರೈವಿನಲ್ಲಿ ತಂದು ಅದೇ ಜಾಗದಲ್ಲಿ ಇಟ್ಟೆ. ಪಹಣಿ ಮೊದಲ ಕ್ಲಿಕ್ಕಿಗೇ ಓದುವ ತಂತ್ರಾಂಶದಲ್ಲಿ ತೆರೆಯಿತು. ಅಪ್ಪ ಪಕ್ಕದಲ್ಲೇ ಕೂತು ಸರ್ವೆ ನಂಬರ್ ಓದಿಕೊಂಡರು.